ಹಗೇವಿನ ದ್ರಾಕ್ಷಿರಸ

ಗೌಡರು ಕುಡಿದು ಸಾಯಲಿಲ್ಲ. ನೆಲದೊಳಗಿನ ಹಗೇವಿನ ತಳದಲ್ಲಿ ಉಸಿರು ಕಟ್ಟಿ ಸತ್ತರು. ತಪ್ಪು ಅವರದೇ. ದಿನಾ ತೆರೆಯುವ ಹಗೇವಿನಲ್ಲಿ ಕೆಟ್ಟ ಗಾಳಿ ಇರುವುದಿಲ್ಲ ಅಂತ ತಿಳಿದು ಇಳಿದರು. ಇತ್ತು. ಸತ್ತರು. ನಡೆದದ್ದು ಇಷ್ಟು, ಉಳಿದದ್ದೆಲ್ಲ ಮಂದಿ ಹಚ್ಚಿದ್ದು.

ಮೊನ್ನೆ ತೆಂಗಳಿಯಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನನ್ನ ಎದುರಿಗೆ ಕೂತ ಒಬ್ಬ ತನ್ನ ಪಕ್ಕದವನಿಗೆ ಹೇಳುತ್ತಿದ್ದ: ಚಿತ್ತಾಪುರದ ಕಡೆ ಹಿಂದೆ ಒಬ್ಬ ಗೌಡ ಇದ್ದನಂತೆ, ದ್ರಾಕ್ಷಿ ಬೆಳೆದು ಶರಾಬು ಮಾಡಿ, ತಾನೇ ಕುಡಿದು, ಹಗೇವಿನಲ್ಲಿ ಬಿದ್ದು ಸತ್ತನಂತೆ. ಇಬ್ಬರೂ ನಕ್ಕರು. ನೀನು ಆತನನ್ನು ನೋಡಿದ್ದೀಯೇನು ಅಂತ ಕೇಳಿದೆ. ಇಲ್ಲ ಅಂದ. ನಾನು ನೋಡಿದ್ದೇನೆ, ಸುಮ್ಮನೆ ಉಣ್ಣು ಅಂದೆ. ಮಾತು ಅಲ್ಲಿಗೆ ನಿಂತಿತು. ಮನೆಗೆ ಬಂದು ಇದನ್ನು ಬರೆಯಲು ಕೂತೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಬರೆಯಲು ಅಷ್ಟು ಸಾಕು.

ಮೈಸೂರು ರಾಜ್ಯ ಅಂತ ಇನ್ನೂ ಅನ್ನುತ್ತಿದ್ದ ಕಾಲ. ನಮ್ಮೂರು ಚಿತ್ತಾಪುರಕ್ಕೆ ಸಮೀಪ, ಕಾಗಿಣಾ ಹೊಳೆಯ ಈಚೆ. ನನ್ನ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗಳನ್ನು ಚಿಂಚೋಳಿ ಕಡೆ ಕೊಟ್ಟಿದ್ದೆ. ನಾನು ಒಬ್ಬಳೇ, ಗೌಡರ ತೋಟದಲ್ಲಿ ಕೂಲಿ ಮಾಡುತ್ತಿದ್ದೆ.

ಗೌಡರು ಅಂದರೆ ದೊಡ್ಡ ಮೀಸೆ, ದೊಡ್ಡ ಧ್ವನಿ ಅಂದುಕೊಳ್ಳಬೇಡಿ. ತೆಳ್ಳಗಿನ ಮನುಷ್ಯ. ಧೋತರ ಮೊಣಕಾಲಿಗೆ ಬಂದರೆ ಹೆಚ್ಚು. ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಬೇಡದ ಮಾತು ಎತ್ತಿದರೆ ಆ ಕಿವಿಯನ್ನೇ ಅವರ ಕಡೆ ತಿರುಗಿಸಿ, ಹೌದು ಹೌದು ಅಂತ ತಲೆ ಆಡಿಸುತ್ತಿದ್ದರು. ಅವರ ಅಣ್ಣನ ಹತ್ತಿರ ಮಾತಾಡುವಾಗ ಯಾವಾಗಲೂ ಎಡಗಿವಿಯೇ. ಅಣ್ಣ ಬೇರೆ ಮನೆ ಮಾಡಿಕೊಂಡು ತೊಗರಿ ಬೆಳೆಯುತ್ತಿದ್ದವರು. ತಮ್ಮನು ತೊಗರಿ ಬಿಟ್ಟು ದ್ರಾಕ್ಷಿ ಬಳ್ಳಿ ಹಚ್ಚಿದ ದಿನದಿಂದ ಅವರಿಗೆ ತಮ್ಮನ ಬಗ್ಗೆ ನಾಚಿಕೆ.

ಬಳ್ಳಿ ಬಂದದ್ದು ಹೈದರಾಬಾದಿನಿಂದ. ಯಾರೋ ನೆಂಟರ ಕಣ್ಣಿನ ಆಪರೇಷನ್ ಅಂತ ಹೋದವರು ಅಲ್ಲಿ ಯಾವುದೋ ತೋಟದಲ್ಲಿ ಅನಾಬ್-ಇ-ಶಾಹಿ ದ್ರಾಕ್ಷಿ ಜೋತಾಡುವುದನ್ನು ನೋಡಿಬಿಟ್ಟರು. ನೆಂಟರ ಕಣ್ಣು ಏನಾಯಿತು ಅಂತ ಊರಲ್ಲಿ ಕೇಳಿದವರಿಗೆ ದ್ರಾಕ್ಷಿ ಎಷ್ಟು ಉದ್ದ ಇತ್ತು ಅಂತ ಹೇಳಿದರು. ಬರುವಾಗ ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ನಮ್ಮ ನೆಲದಲ್ಲಿ ಮೊಣಕಾಲುದ್ದ ಅಗೆದರೆ ಮನೆಗೆ ಹಾಸುವ ಫರ್ಸಿ ಕಲ್ಲು ಸಿಗುತ್ತದೆ. ಒಂದೊಂದು ಗುಣಿಗೂ ಹಾರೆ ಹಾಕಿ ಕಲ್ಲು ಒಡೆಸಿದರು. ಒಡೆದ ಕಲ್ಲನ್ನೇ ಕಂಬ ಮಾಡಿ ನಿಲ್ಲಿಸಿ ಮೇಲೆ ತಂತಿ ಎಳೆಸಿದರು. ಊರವರು ನೋಡಲು ಬಂದು, ಗೌಡ್ರು ಗೋರಿ ಕಟ್ಟಿಸ್ಲಿಕತ್ತಾರ ಅಂತ ನಕ್ಕು ಹೋದರು. ಆದರೆ ಬಳ್ಳಿ ಹತ್ತಿತು.

ಬಿಸಿಲು ನಮ್ಮ ಕಡೆ ಎಂಥದ್ದು ಅಂತ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನದ ಮೇಲೆ ಪಡುವಣ ಕಡೆಯ ಎಲೆಗಳೆಲ್ಲ ಹಪ್ಪಳ. ಗೌಡರು ಆ ಬದಿಗೆ ಹಗ್ಗ ಕಟ್ಟಿ, ಮನೆಯ ಹಳೇ ಸೀರೆಗಳನ್ನು ನೀರಲ್ಲಿ ಅದ್ದಿ ಇಳಿಬಿಡಿಸುತ್ತಿದ್ದರು. ಅವರ ಹೆಂಡತಿಯನ್ನು ನಾವು ಗೌಡಸಾನಿ ಅನ್ನುತ್ತಿದ್ದೆವು. ಒಂದು ದಿನ ಅವರು ಬುತ್ತಿ ಕೊಡಲು ತೋಟಕ್ಕೆ ಬಂದರು. ಸಾಲಿನ ನಡುವೆ ತಮ್ಮ ಮದುವೆಯ ಕಾಲದ ಇಳಕಲ್ ಸೀರೆ ಜೋತಾಡುವುದು ಕಂಡಿತು. ಬೈಯಲಿಲ್ಲ. ಅದರ ಸೆರಗು ಮುಟ್ಟಿ ನೋಡಿದರು.

“ನನಗ ಉಡಿಸಿದ್ದಕ್ಕಿಂತ ಬಳ್ಳಿಗೆ ಚಂದ ಉಡಿಸೀರಿ,” ಅಂದರು.

ಗೌಡರು ಎಡಗಿವಿ ತಿರುಗಿಸಿದರು.

ಹಣ್ಣು ಇಳಿದ ಮೇಲೆ, ಬೇಸಿಗೆ ಏರುವ ಹೊತ್ತಿನಲ್ಲಿ ಬಳ್ಳಿಯನ್ನು ಮೋಟು ಮಾಡಿ ಕತ್ತರಿಸಬೇಕು. ಹಾಗೆ ಕತ್ತರಿಸದಿದ್ದರೆ ಮುಂದಿನ ವರ್ಷ ಹಣ್ಣಿಲ್ಲ. ನಮಗೆ ಹೇಳಿಕೊಟ್ಟವರು ಅವರೇ, ಕತ್ತರಿ ಕೊಟ್ಟವರೂ ಅವರೇ. ಆದರೆ ನಾವು ಕತ್ತರಿಸಲು ಶುರು ಮಾಡಿದ ಕೂಡಲೇ ತೋಟದ ಮೂಲೆಯ ಶೆಡ್ಡಿನ ಹಿಂದೆ ಹೋಗಿ ಕೂತುಬಿಡುತ್ತಿದ್ದರು. ಮುಗಿಯಿತೇನು, ಮುಗಿಯಿತೇನು ಅಂತ ಅಲ್ಲಿಂದಲೇ ಕೇಳುವುದು. ಮುಗಿಯಿತು ಬರ್ರಿ ಅಂದರೂ ನೆಲಕ್ಕೆ ಬಿದ್ದ ಹಸಿರನ್ನು ಎತ್ತಿಹಾಕುವವರೆಗೂ ಬರುತ್ತಿರಲಿಲ್ಲ.

ಕೂಲಿಯವರಿಗೆ ಅವರ ಕಟ್ಟಳೆ ಒಂದೇ. ತೋಟದಲ್ಲಿ ಎಷ್ಟಾದರೂ ತಿನ್ನಿ, ಮಡಿಲಲ್ಲಿ ಕಟ್ಟಿಕೊಂಡು ಹೋಗಬೇಡಿ. ನಾವು ಎರಡೂ ಮಾಡುತ್ತಿದ್ದೆವು. ಅವರಿಗೂ ಗೊತ್ತಿತ್ತು. ನಾವು ಗೇಟು ದಾಟುವಾಗ ಆಕಾಶ ನೋಡುತ್ತಿದ್ದರು.

ಹಣ್ಣು ಬುಟ್ಟಿ ತುಂಬಿ ಚಿತ್ತಾಪುರ ಸ್ಟೇಷನ್ನಿನಿಂದ ಹೈದರಾಬಾದಿಗೆ ಹೋಗುತ್ತಿತ್ತು. ಹೋಗುವುದು ಹೋಗುತ್ತಿತ್ತು, ಮುಟ್ಟುವಾಗ ಹಣ್ಣಾಗಿ ಮುಟ್ಟುತ್ತಿರಲಿಲ್ಲ. ರೈಲು ಡಬ್ಬಿಯೊಳಗಿನ ಕಾವಿಗೆ ಒಡೆದು ಬುಟ್ಟಿಯ ತಳದಲ್ಲಿ ರಸ ಸೋರುತ್ತಿತ್ತು. ಒಂದು ಸಲ ಗಾಡಿ ತಡವಾಗಿ, ಬುಟ್ಟಿಗಳು ಪ್ಲಾಟ್‌ಫಾರ್ಮಿನ ಮೇಲೆ ದಿನವೆಲ್ಲ ಬಿಸಿಲು ಕಾದವು. ಇನ್ನು ಕಳಿಸಿ ಉಪಯೋಗವಿಲ್ಲ ಅಂತ ಕಂಡ ಮೇಲೆ ಗೌಡರು ಬುಟ್ಟಿ ಬಿಚ್ಚಿಸಿದರು. ಗಾಡಿ ನಿಂತಿರುವಷ್ಟು ಹೊತ್ತು ಕಿಟಕಿ ಕಿಟಕಿಗೂ ಹೋಗಿ ಗೊಂಚಲು ಕೊಟ್ಟರು. ಎಷ್ಟಕ್ಕೆ ಅಂತ ಕೇಳಿದವರಿಗೆಲ್ಲ ತಿನ್ರಿ, ತಿನ್ರಿ ಅಂದರು. ನಾನೂ ಇನ್ನಿಬ್ಬರೂ ಹಿಂದಿನಿಂದ ಬುಟ್ಟಿ ಹೊತ್ತು ಓಡುತ್ತಿದ್ದೆವು. ಒಂದು ಕಿಟಕಿಯಲ್ಲಿ ಬಿಳಿ ನಿಲುವಂಗಿಯ ಪಾದ್ರಿ ಕೂತಿದ್ದರು. ವಾಡಿಯ ರೈಲ್ವೆ ಕಾಲೊನಿಯಲ್ಲಿ ಪೂಜೆ ಮಾಡಿಸುವವರು. ಒಡೆದ ಗೊಂಚಲನ್ನು ಮೂಗಿನ ಹತ್ತಿರ ಹಿಡಿದು ನಕ್ಕರು. ಇದು ಆಗಲೇ ಅರ್ಧ ವೈನ್ ಆಗಿದೆ, ನಮ್ಮ ಪೂಜೆಗೆ ಬೇಕಾದದ್ದು ಇದೇ, ಶುದ್ಧ ದ್ರಾಕ್ಷಿಯದ್ದು, ಸಕ್ಕರೆ ಇಲ್ಲ, ಮತ್ತೊಂದಿಲ್ಲ, ದೂರದಿಂದ ತರಿಸುತ್ತೇವೆ, ನೀವು ಮಾಡಿಕೊಡುವಿರೇನು ಅಂತ ಕೇಳಿದರು. ಆ ಮಾತಿಗೆ ಗೌಡರು ಬಲಗಿವಿ ಕೊಟ್ಟರು.

ಕೊರಳಲ್ಲಿ ಲಿಂಗ ಇದ್ದವರು ಅದನ್ನು ಹೇಗೆ ಮಾಡಿದರು ಅಂತ ಎಷ್ಟೋ ಮಂದಿ ಕೇಳಿದ್ದಾರೆ. ನಾನೇ ಕೇಳಿದ್ದೆ. ಅವರ ದೇವರಿಗೆ ಎಡೆ ಹೋಗುತ್ತದೆ, ನಾನು ಕುಡಿಯುವುದಿಲ್ಲ, ಮಾರಿ ಅಂಗಡಿ ಇಡುವುದಿಲ್ಲ, ಹೂವು ಬೆಳೆದು ಕೊಟ್ಟ ಹಾಗೆ ಅಂದರು. ಆದರೆ ಅದು ಪೂರ್ತಿ ಉತ್ತರವಲ್ಲ. ಪೂರ್ತಿ ಉತ್ತರ ಇನ್ನೊಂದು ದಿನ ತಾನಾಗಿಯೇ ಬಂತು. ಮೊದಲ ವರ್ಷ ಮಾಡಿದ್ದು ಹುಳಿಯಾಗಿ ಸಿರ್ಕಾ ಆಯಿತು. ಎರಡನೆಯ ವರ್ಷವೂ ಹಾಗೇ. ಪಾದ್ರಿ ರುಚಿ ನೋಡಿ, ಉಪ್ಪಿನಕಾಯಿಗೆ ಬಹಳ ಚೆನ್ನಾಗಿದೆ ಅಂದು ಹೋದರು. ಗೌಡರು ಶೆಡ್ಡಿನ ಬಾಗಿಲಲ್ಲಿ ಕೂತರು.

“ಈ ಬಿಸಲಾಗ ಎಲ್ಲಾ ಕೆಡ್ತದ ತಂಗಿ,” ಅಂದರು. “ಮುಂಜಾನೆ ಹಾಲು ಮಧ್ಯಾಹ್ನಕ್ಕ ಒಡೀತದ. ಹಣ್ಣು ಸ್ಟೇಷನ್ ಮುಟ್ಟಲ್ಲ. ಮಂದಿನೂ ಕೆಡ್ತಾರ. ಒಂದರೆ ಕೆಡದಂಥದ್ದು ನನ್ನ ಹೊಲದಾಗಿಂದ ಹೊಂಟು ಹೋಗ್ಲಿ ಅಂತೀನಿ.”

ಅವರಿಗೆ ಮಕ್ಕಳಾಗಿ ಉಳಿದಿರಲಿಲ್ಲ.

ಹಗೇವಿನ ಯೋಚನೆ ಆಮೇಲೆ ಬಂತು. ಈಗಿನವರು ಹಗೇವು ನೋಡಿರಲಿಕ್ಕಿಲ್ಲ. ನೆಲದೊಳಗೆ ಜೋಳ ಇಡುವ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯಂತೆ ಅಗಲ. ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಕಲ್ಲು ಮುಚ್ಚಿ ಮಣ್ಣು ಬಡಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮೇಲೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ತಂಪು. ತೋಟದ ದಿಬ್ಬದ ಮೇಲೆ ಅವರ ಅಪ್ಪನ ಕಾಲದ ಹಗೇವು ಒಂದು ಬರಿದಾಗಿ ಬಿದ್ದಿತ್ತು. ಮನೆಯೊಳಗೆ ಜಾಡಿ ತರಕೂಡದು ಅಂತ ಗೌಡಸಾನಿ ಮೊದಲೇ ಹೇಳಿಬಿಟ್ಟಿದ್ದರು. ಹೀಗಾಗಿ ಶೆಡ್ಡಿನಲ್ಲಿ ರಸ ಹಿಂಡಿ, ಜಾಡಿಯಲ್ಲಿ ಅದರ ಉಕ್ಕು ಇಳಿಯುವವರೆಗೆ ಅಲ್ಲೇ ಹಸಿ ಗೋಣಿ ಸುತ್ತಿ ಇಟ್ಟು, ಇಳಿದ ಮೇಲೆ ಹಗೇವಿಗೆ ಇಳಿಸುವುದು ಅಂತಾಯಿತು.

ಜಾಡಿಗೆ ಬಲಗಿವಿ ಹಚ್ಚಿ ಕೂತರೆ ಅವರಿಗೆ ಜಗತ್ತು ಬೇಕಾಗಿರಲಿಲ್ಲ. ಒಂದು ಬೆರಳು ಎತ್ತಿ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ಮರದ ಮೇಲಿನ ಕಾಗೆಗೂ ಅದೇ ಬೆರಳು. ಒಳಗೆ ರಸ ಚುಳುಚುಳು ಅನ್ನುವುದನ್ನು ಕೇಳಿ, ಇನ್ನೂ ಮಾತಾಡ್ಲಿಕತ್ತದ, ಇರಲಿ ಅನ್ನುತ್ತಿದ್ದರು. ಆದರೆ ಕಿವಿಗೆ ರುಚಿ ಎಲ್ಲಿಂದ ಗೊತ್ತಾಗಬೇಕು? ಹುಳಿ ತಿರುಗಿತೋ, ಕಹಿ ಇಳಿಯಿತೋ, ತೆಗೆಯಬೇಕೋ ಬಿಡಬೇಕೋ, ಅದು ನಾಲಿಗೆಯ ಕೆಲಸ. ಅವರು ಬಾಯಿಗೆ ಒಂದು ಹನಿ ಹಾಕುವವರಲ್ಲ. ಲಿಂಗ ಕಟ್ಟಿದ ದಿನ ಅಪ್ಪನಿಗೆ ಮಾತು ಕೊಟ್ಟಿದ್ದರಂತೆ.

“ಅಡಗಿ ಮಾಡಾಕಿ ಉಪ್ಪು ನೋಡಲಾರದ ಇಳಸ್ತಾಳೇನ್ರಿ?” ಅಂದೆ.

“ನೀ ಇದ್ದೀಯಲ್ಲ,” ಅಂದರು.

ನಮ್ಮ ಮನೆಗಳಲ್ಲಿ ಸಿಂದಿ, ಅಂದರೆ ಈಚಲ ಹೆಂಡ, ಹೊಸದಲ್ಲ. ಕಳೆ ತೆಗೆದು ಬಂದ ಹೆಂಗಸರು ಸಂಜೆಗೆ ಒಂದು ಮಗಿ ಕುಡಿದರೆ ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ನಮ್ಮ ಸಿಂದಿ ನಮ್ಮ ಓಣಿಯಲ್ಲಿ. ಆದರೆ ಗೌಡರ ಶೆಡ್ಡಿನಲ್ಲಿ, ಗೌಡರ ಎದುರಿಗೆ, ಗಂಡನಿಲ್ಲದವಳು ಕೂತು ಕುಡಿಯುವುದು ಬೇರೆ ಮಾತು. ಅದು ಅವರಿಗೂ ಗೊತ್ತಿತ್ತು. ನನಗೆ ಒಂದು ತೆಂಗಿನ ಪರಟಿ ತೆಗೆದಿಟ್ಟರು. ಸೌಟಿನಿಂದ ಎತ್ತರಕ್ಕೆ ಹಿಡಿದು ಪರಟಿಗೆ ಸುರಿಯುತ್ತಿದ್ದರು, ಸೌಟು ಪರಟಿಗೆ ತಾಗದಂತೆ. ಅವರೂ ಅಂಥ ದೊಡ್ಡ ಮನುಷ್ಯರೇನಲ್ಲ. ಊರಿನವರಂತೆ ಊರಿನವರು.

“ದೇವರಿಗೆ ಹೋಗೋದು ನಾ ಎಂಜಲ ಮಾಡ್ತೀನಲ್ರಿ,” ಅಂದೆ ಒಮ್ಮೆ.

“ಪರಟಿದು ಎಂಜಲ. ಜಾಡಿದು ಅಲ್ಲ. ಕುಡಿ ಸುಮ್ಮನ.”

ನೀರಲ್ಲಿ ಬಾಯಿ ಮುಕ್ಕಳಿಸಿ, ಒಣ ರೊಟ್ಟಿಯ ಚೂರು ತಿಂದು, ಆಮೇಲೆ ಕುಡಿಯಬೇಕು. ಅಷ್ಟರಲ್ಲಿ ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಬಾಯಿ ನೋಡುತ್ತಿದ್ದರು, ಡಾಕ್ಟರನ ಬಾಯಿ ನೋಡುವ ಹಾಗೆ. ಏನಂತದ ಅಂತ ಕೇಳುವುದು. ನನಗೆ ಬರುವ ಮಾತಲ್ಲಿ ಹೇಳುತ್ತಿದ್ದೆ. ಹುಣಸೆ ಚಿಗುರಿನಂತೆ. ಹೊಸ ಗಡಿಗೆಯ ನೀರಿನಂತೆ. ಎರಡನೆಯ ದಿನದ ಸಿಂದಿಯಂತೆ. ಎರಡನೆಯ ದಿನದ ಸಿಂದಿ ಅಂದರೆ ಅವರ ಮುಖ ಇಳಿಯುತ್ತಿತ್ತು. ಗಂಟಲು ಇಳಿದ ಮೇಲೆ ಏನನ್ನಿಸುತ್ತದೆ ಅಂತ ಮತ್ತೆ ಕೇಳುವುದು. ಏನೂ ಅನ್ನಿಸಲ್ರಿ, ಇಳೀತದ ಅಂದರೆ, ಸರಿಯಾಗಿ ನೋಡಿ ಹೇಳು, ಅವಸರ ಮಾಡಬೇಡ ಅನ್ನುವುದು. ನಾನು ಕುಡಿದದ್ದನ್ನು ಅವರು ನನ್ನ ಮಾತಿನಲ್ಲಿ ಕುಡಿಯುತ್ತಿದ್ದರೋ ಏನೋ. ಆ ಹೊತ್ತಿನಲ್ಲಿ ಅವರ ಕಣ್ಣಲ್ಲಿ ಇದ್ದದ್ದು ಹಸಿವು. ಬೇರೆ ಏನೂ ಅಲ್ಲ. ಬೇರೆ ಏನಾದರೂ ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು, ನಾನು ಸಣ್ಣ ಹುಡುಗಿಯಲ್ಲ.

ಇದನ್ನು ಹೊರಗೆ ಆಡಬೇಡ ಅಂತ ಹೇಳಿದ್ದರು. ನಿನ್ನ ಸಲುವಾಗಿ ಹೇಳುತ್ತಿದ್ದೇನೆ ಅಂದರು. ನಿಮ್ಮ ಸಲುವಾಗಿಯೂ ಹೌದು ಅಂದೆ. ತಲೆ ಆಡಿಸಿದರು.

ಹಗೇವಿನಲ್ಲಿ ಇಟ್ಟ ಮೊದಲ ವರ್ಷವೇ ರಸ ಕೆಡದೆ ನಿಂತಿತು. ಪರಟಿಯಲ್ಲಿ ಹಳೇ ತುಪ್ಪದ ಬಣ್ಣ. ಕುಡಿದೆ. ಅವರು ಕಾಯುತ್ತಾ ಕೂತರು. ನಾನು ಹುಡುಕಿದೆ, ಹೋಲಿಕೆ ಸಿಗಲಿಲ್ಲ. ಇದಕ್ಕ ಹೋಲಿಕಿ ಬರವಲ್ದ್ರಿ ಅಂದೆ. ಕೆಟ್ಟಿದೆಯೇನು ಅಂತ ಕೇಳಿದರು. ಇಲ್ಲ, ಕೆಟ್ಟಿಲ್ಲ, ಇದರಂಥದ್ದು ನಾನು ಕುಡಿದಿಲ್ಲ ಅಂದೆ. ತಲೆಯ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಪಾದ್ರಿ ಒಯ್ದರು. ಅವರ ದೊಡ್ಡ ಹಬ್ಬದ ದಿನ ಗೌಡರು ಯಾರಿಗೂ ಹೇಳದೆ ವಾಡಿಗೆ ಹೋದರು. ಪ್ರಾರ್ಥನೆಯ ಮನೆಯ ಹೊರಗೆ, ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲ ಸಂದಿಯಿಂದ ನೋಡಿದರಂತೆ. ಮರುದಿನ ತೋಟದಲ್ಲಿ ನನ್ನ ಹತ್ತಿರ ಬಂದು ಎರಡೂ ಕೈ ತಲೆಯ ಮೇಲೆ ಎತ್ತಿ ತೋರಿಸಿದರು.

“ಹಿಂಗ ಎತ್ತಿ ಹಿಡದ್ರು. ಮಂದಿ ಎಲ್ಲಾ ಮೊಣಕಾಲೂರಿದ್ರು. ನಮ್ಮ ಹೊಲದ್ದು ಅದು,” ಅಂದರು.

ಅವರನ್ನು ಅಷ್ಟು ಸುಖವಾಗಿ ನಾನು ಮುಂದೆ ನೋಡಲಿಲ್ಲ.

ಹೀಗೆ ವರ್ಷಗಳು ನಡೆದವು. ಕೊನೆಯ ವರ್ಷ ಹಣ್ಣು ಬಹಳ ಬಂತು, ಬಿಸಿಲು ಬೇಗ ಏರಿತು. ಶೆಡ್ಡಿನಲ್ಲಿ ಇಟ್ಟ ಜಾಡಿಗಳು ಕೈ ಹಚ್ಚಿದರೆ ಜ್ವರ ಬಂದವರ ಮೈಯಂತೆ ಬಿಸಿ. ಮತ್ತೆ ಸಿರ್ಕಾ ಆಗುತ್ತದೆ ಅಂತ ಅವರಿಗೆ ಹೆದರಿಕೆ. ಉಕ್ಕು ಇಳಿಯುವವರೆಗೆ ಕಾಯದೆ, ಇನ್ನೂ ನೊರೆ ಏಳುತ್ತಿದ್ದ ರಸವನ್ನೇ ಹಗೇವಿಗೆ ಇಳಿಸಿಬಿಟ್ಟರು. ಹಾಗೆ ಉಕ್ಕುವ ರಸದಿಂದ ಏಳುವ ಗಾಳಿ ಭಾರದ್ದು, ತಳದಲ್ಲೇ ಕೂಡುತ್ತದೆ, ಅದರಲ್ಲಿ ಉಸಿರಾಡಲು ಆಗುವುದಿಲ್ಲ. ಇದನ್ನು ನನಗೆ ಆಮೇಲೆ ತಿಳಿದವರು ಹೇಳಿದರು. ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮಗೆ ಗೊತ್ತಿದ್ದದ್ದು ಜೋಳದ ಹಗೇವಿನ ಕೆಟ್ಟ ಗಾಳಿ. ಬಹಳ ದಿನ ಮುಚ್ಚಿಟ್ಟ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಉರಿದರೆ ಮಾತ್ರ ಇಳಿಯುತ್ತಾರೆ. ಈ ಹಗೇವನ್ನು ಗೌಡರು ದಿನಾ ಮುಂಜಾನೆ ತೆರೆಯುತ್ತಿದ್ದರು. ದಿನಾ ತೆರೆಯುವುದಕ್ಕೆ ಕಂದೀಲು ಯಾಕೆ? ಯಾರಾದರೂ ಹಾಗೇ ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಅವತ್ತು ನಾನು ತೋಟಕ್ಕೆ ಹೋದಾಗ ಹಗೇವಿನ ಕಲ್ಲು ಸರಿದಿತ್ತು. ಏಣಿ ಒಳಗಿತ್ತು. ಬಾಯಿ ಇಕ್ಕಟ್ಟು ಅಂತ ತೆಗೆದಿಟ್ಟ ರುಮಾಲು ಕಲ್ಲಿನ ಮೇಲಿತ್ತು. ಗೌಡ್ರೀ ಅಂತ ಕೂಗಿದೆ. ಬಾಗಿ ನೋಡಿದರೆ ಕತ್ತಲು, ದ್ರಾಕ್ಷಿಯ ವಾಸನೆ. ಮತ್ತೆ ಕೂಗಿದೆ. ಆಮೇಲೆ ಊರ ಕಡೆ ಓಡಿದೆ.

ಬಂದವರಲ್ಲಿ ಒಬ್ಬ ತರುಣ ಬಂದಂತೆಯೇ ಏಣಿಗೆ ಕಾಲು ಹಾಕಿದ. ಅವನ ಅಂಗಿ ಹಿಡಿದು ಎಳೆದೆ. ಮೊದಲು ಕಂದೀಲು ಬಿಡ್ರಿ ಅಂದೆ. ಬೈದರು. ಆದರೂ ಬಿಟ್ಟರು. ಅರ್ಧ ಇಳಿಯುವುದರೊಳಗೆ ದೀಪ ಆರಿತು. ಎಲ್ಲರೂ ನೋಡಿದರು. ಬೇವಿನ ತಪ್ಪಲಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸಿ ಒಳಗಿನ ಗಾಳಿ ಕಲಕಿದರು. ದೀಪ ನಿಲ್ಲುವವರೆಗೂ ಅದನ್ನೇ ಮಾಡಿದರು. ಆಮೇಲೆ ಒಬ್ಬ ಇಳಿದು ಹಗ್ಗ ಕಟ್ಟಿದ. ಅಷ್ಟು ಹೊತ್ತು ಅವರಿಗೆ ಜೀವ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ತರುಣ ಇಳಿದಿದ್ದರೆ ಎರಡು ಹೆಣ ಆಗುತ್ತಿದ್ದವು, ಅದು ಗೊತ್ತು.

ಬೀಳುವಾಗ ಜಾಡಿಯ ಮೇಲೆ ಬಿದ್ದಿದ್ದರು. ಜಾಡಿ ಒಡೆದಿತ್ತು. ಮುಖ ಅಡಿಯಾಗಿ ಆ ರಸದಲ್ಲೇ ಬಿದ್ದಿದ್ದರು. ಮೇಲೆ ತಂದಾಗ ಅಂಗಿ, ಧೋತರ, ಕೂದಲು, ಬಾಯಿಯೊಳಗೆ ಎಲ್ಲ ಅದೇ ವಾಸನೆ. ಹೊತ್ತವರ ಮೈಗೂ ಅಂಟಿತು. ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸುವುದರೊಳಗೆ ಊರೆಲ್ಲ ಅಂದಿತು, ಗೌಡ್ರು ಕುಡದು ಸತ್ರು ಅಂತ.

ಲಿಂಗ ಕಟ್ಟಿದವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲು ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿ, ಸತ್ತವರ ತಲೆಯ ಮೇಲೆ ಪಾದ ಇಡಬೇಕು. ಪಾದ ಬೀಳದೆ ಹೋದರೆ ಆ ಜೀವಕ್ಕೆ ದಾರಿ ಇಲ್ಲ ಅಂತ ಅವರ ನಂಬಿಕೆ. ಅಯ್ಯನವರು ಬಂದರು. ಕಟ್ಟೆಯ ಕೆಳಗೇ ನಿಂತರು. ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಕೊರಳಲ್ಲಿ ಲಿಂಗ ಇದ್ದು ಕುಡಿದು ಸತ್ತವರಿಗೆ ನಾನು ಹೇಗೆ ಪಾದ ಇಡಲಿ ಅಂತ ಗೌಡರ ಅಣ್ಣನನ್ನೇ ಕೇಳಿದರು. ಅಣ್ಣ, ಏನೂ ಬೇಡ, ಸುಮ್ಮನೆ ಒಯ್ದು ಮುಚ್ಚೋಣ ಅಂದರು. ಗೌಡಸಾನಿ ಗಂಡನ ಪಕ್ಕದಲ್ಲಿ ಕೂತು ಹಸಿ ಬಟ್ಟೆಯಿಂದ ಅವರ ಮುಖ ಒರೆಸುತ್ತಿದ್ದರು. ಒರೆಸಿದಷ್ಟೂ ವಾಸನೆ. ನನ್ನ ಗಂಡ ಕುಡಿಯುತ್ತಿರಲಿಲ್ಲ ಅಂತ ಒಂದೇ ಸಲ ಹೇಳಿದರು, ಯಾರ ಮುಖವನ್ನೂ ನೋಡದೆ.

ನಾನು ಅಂಗಳದ ಅಂಚಿನಲ್ಲಿ ನಿಂತಿದ್ದೆ. ನಮ್ಮಂಥವರು ನಿಲ್ಲುವುದು ಅಲ್ಲಿಯೇ. ಕಂದೀಲು ಆರಿದ್ದನ್ನು ಎಲ್ಲರೂ ನೋಡಿದ್ದೀರಿ, ಗಾಳಿಯಿಂದ ಸತ್ತರು ಅಂದೆ. ಅಣ್ಣ ನನ್ನ ಕಡೆ ತಿರುಗಿದರು. ಗಾಳಿ ಇರಬಹುದು, ಎಚ್ಚರ ಇದ್ದ ಮನುಷ್ಯನಾಗಿದ್ದರೆ ಇಳಿಯುತ್ತಿರಲಿಲ್ಲ, ಕುಡಿದಿದ್ದ, ಇಳಿದ ಅಂದರು. ಆಮೇಲೆ ಅಯ್ಯನವರಿಗೆ ಹೇಳಿದರು:

“ಇಷ್ಟು ವರ್ಷ ಮಾಡ್ಯಾನ. ರುಚಿ ನೋಡಲಾರದ ಯಾರರೆ ಮಾಡ್ತಾರೇನ್ರಿ? ಇವನು ನೋಡಲಿಲ್ಲಂದ್ರ ನಾಲಿಗಿ ಯಾರದು ಮತ್ತ?”

ಮಾತು ಸರಿಯಾಗಿಯೇ ಇತ್ತು. ಉತ್ತರ ನನ್ನೊಬ್ಬಳ ಹತ್ತಿರ ಇತ್ತು. ಹೇಳಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕುವಷ್ಟು ಬುದ್ಧಿಯೂ ನನಗಿತ್ತು. ಅಯ್ಯನವರು ಜೋಳಿಗೆ ಹೆಗಲಿಗೆ ಏರಿಸಿ ಹೊರಡಲು ತಿರುಗಿದ್ದರು.

“ನಾಲಿಗಿ ನಂದು,” ಅಂದೆ.

ಎಲ್ಲರೂ ನೋಡಿದರು. ಮುಂದಕ್ಕೆ ಬಂದು ನಿಂತೆ.

“ಜಾಡಿ ಇಟ್ಟಾಗಿನಿಂದ ಪ್ರತಿ ವರ್ಷ ನಾನೇ ಕುಡದೀನ್ರಿ. ಅವರು ಸುರೀತಿದ್ರು, ನಾ ಕುಡದು ಹೇಳ್ತಿದ್ದೆ. ಅವರ ಬಾಯಿಗೆ ಒಂದು ಹನಿ ಬಿದ್ದಿಲ್ಲ.”

“ಯಾರರೆ ನೋಡ್ಯಾರೇನವ್ವ?” ಅಂತ ಅಯ್ಯನವರು ಕೇಳಿದರು.

“ಯಾರೂ ನೋಡಿಲ್ರಿ. ಶೆಡ್ಡಿನೊಳಗ ಇಬ್ಬರೇ ಇರ್ತಿದ್ವಿ.”

ಹಿಂದೆ ಯಾರೋ ಹೆಂಗಸು ಉಸಿರು ಎಳೆದುಕೊಂಡದ್ದು ಕೇಳಿತು. ಅಣ್ಣ, ಇವಳ ಮಾತು ಏನು ನಂಬುತ್ತೀರಿ, ಕೂಲಿಯವಳು ಅಂದರು. ಅಯ್ಯನವರು ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಾ ನಿಂತರು. ವಯಸ್ಸಾದವರು, ಕಣ್ಣು ಮಂಜಾಗಿತ್ತು.

“ಇಂಥಾ ಸುಳ್ಳು ತನ್ನ ಮ್ಯಾಲ ತಾನೇ ಹಾಕ್ಕೊಂಡ್ರ ಯಾವ ಹೆಣ್ಣಮಗಳಿಗೆ ಏನು ಸಿಗ್ತದ?” ಅಂದರು. ಜೋಳಿಗೆ ಇಳಿಸಿದರು. ಕಾಲಿಗೆ ನೀರು ಕೊಡಲು ಹೇಳಿದರು.

ಪಾದ ಇಟ್ಟರು. ನಾನು ನೋಡಿದೆ. ಗೌಡರ ತಲೆ ಸ್ವಲ್ಪ ಎಡಕ್ಕೆ ವಾಲಿತ್ತು, ಗೌಡಸಾನಿ ಗದ್ದ ಹಿಡಿದು ನೆಟ್ಟಗೆ ಮಾಡಿದರು. ಬಿಲ್ವಪತ್ರೆ ಹಾಕಿದರು. ಹೊತ್ತು ಇಳಿಯುವ ಮೊದಲು ಮಣ್ಣು ಆಯಿತು. ನಾನು ಹಿಂದಿನಿಂದ ಹೋದೆ, ನನ್ನ ಸುತ್ತ ಯಾರೂ ನಡೆಯಲಿಲ್ಲ. ಅಗಲವಾದ ಜಾಗ ಬಿಟ್ಟಿದ್ದರು. ಹಾದಿ ಸರಾಗವಾಗಿತ್ತು.

ತಿರುಗಿ ಬರುವಾಗ ಗೌಡಸಾನಿ ತಮ್ಮ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಬಳೆ ಇರಲಿಲ್ಲ.

“ಅವರ ಮರ್ಯಾದಿ ಉಳಿಸಿದಿ. ನಿನ್ನ ಋಣ ಅದ ನನ್ನ ಮ್ಯಾಲ,” ಅಂದರು. ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು. “ಇನ್ನ ತೋಟಕ್ಕ ಬರಬ್ಯಾಡ. ಇಷ್ಟು ವರ್ಷ ನನ್ನ ಗಂಡ ಯಾರ ಬಾಯಿ ನೋಡಿಕೋತ ಕುಂತಿದ್ದ ಅಂತ ಮಂದಿ ನನ್ನ ಕೇಳ್ತಾರ. ನನಗ ಆಗಲ್ಲ.”

“ಆಯ್ತ್ರಿ,” ಅಂದೆ. ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಹೇಳುತ್ತಿದ್ದೆ. ಅವರು ನನ್ನ ಮುಂದೆ ಅಳಲಿಲ್ಲ, ನಾನು ಅವರ ಮುಂದೆ ಅಳಲಿಲ್ಲ.

ಮರುದಿನ ಮುಂಜಾನೆ ಎದ್ದು ಒಲೆ ಹಚ್ಚಿ ರೊಟ್ಟಿ ಬಡಿದೆ. ಕೂಲಿ ಹೆಂಗಸರು ಹೊಲಕ್ಕೆ ಹೋಗುವಾಗ ನನ್ನ ಬಾಗಿಲ ಮುಂದೆ ಒಂದು ಕೂಗು ಹಾಕಿ ಹೋಗುವುದು ರೂಢಿ. ಅವತ್ತು ಬಳೆಯ ಸದ್ದು ಬಂತು, ಬಾಗಿಲ ಹತ್ತಿರ ಮಾತು ನಿಂತಿತು, ದಾಟಿದ ಮೇಲೆ ಮತ್ತೆ ಶುರುವಾಯಿತು. ರೊಟ್ಟಿಗೆ ಒಣ ಖಾರ ಹಚ್ಚಿ ಬಟ್ಟೆಯಲ್ಲಿ ಕಟ್ಟಿಕೊಂಡು, ಬಾಗಿಲಿಗೆ ಚಿಲಕ ಹಾಕಿ, ಅವರು ಹೋದ ಹಾದಿ ಬಿಟ್ಟು ವಾಡಿಯ ಹಾದಿ ಹಿಡಿದೆ. ಫರ್ಸಿ ಖಣಿಯಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಕೊಡೆ ಹಿಡಿದು ನಿಂತಿದ್ದ. ಕಲ್ಲು ಹೊತ್ತು ರೂಢಿ ಇದೆಯೇನು ಅಂತ ಕೇಳಿದ. ಇಲ್ಲ ಅಂದೆ. ಮೇಲೆ ಕೆಳಗೆ ನೋಡಿ, ಹೊರುತ್ತೀಯೇನು ಅಂದ. ಸೀರೆಯ ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಬಗ್ಗಿದೆ. ಇಬ್ಬರು ಹಿಡಿದು ಹೊರಿಸಿದರು.